ಬಿರುಕಿನ ತುದಿ

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಎರಡನೆಯ ಲೋಟ ಕಾಫಿಯನ್ನು ಮುಂದಿಟ್ಟುಕೊಂಡು ನಾನು ಪತ್ರಿಕೆ ಓದುತ್ತಿರುವಾಗ ನನ್ನ ತಂಗಿ ಬಂದಳು. ಚಪ್ಪಲಿಯನ್ನು ಬಿಡುವ ಮೊದಲೇ, "ಅಣ್ಣ, ನೀನಾದರೂ ಅವನಿಗೆ ಒಂದು ಮಾತು ಹೇಳಬೇಕು" ಎಂದಳು. ನಮ್ಮಲ್ಲಿ 'ಅವನು' ಎಂದರೆ ಯಾರೆಂದು ಕೇಳುವ ಅಗತ್ಯವಿಲ್ಲ. ಅವಳಿಗಿರುವವನು ಒಬ್ಬನೇ ಮಗ. ಡಿಪ್ಲೊಮಾ ಮುಗಿಸಿದವನು, ಕಚೇರಿಯ ಕೆಲಸವೊಂದು ಕೈಗೆ ಬಂದಿದ್ದಾಗಲೂ ಅದನ್ನು ಬೇಡವೆಂದು, ಕಾರುಗಳ ಒಡೆದ ಗಾಜನ್ನು ರಿಪೇರಿ ಮಾಡುವ ಅಂಗಡಿಯೊಂದಕ್ಕೆ ಶಿಷ್ಯವೃತ್ತಿಗೆ ಸೇರಿಕೊಂಡಿದ್ದನು. "ನೆಂಟರು ಕೇಳಿದರೆ ಏನೆಂದು ಹೇಳಲಿ? ಗಾಜು ಅಂಟಿಸುತ್ತಾನೆ ಎನ್ನಲೇ?" ಎಂಬುದು ತಂಗಿಯ ಸಂಕಟ.

ಈ ಸಂಕಟಕ್ಕೆ ಒಂದು ಪೂರ್ವಕಥೆಯುಂಟು. ಒಂದು ವರ್ಷದ ಕೆಳಗೆ ಅವರ ಎದುರು ಮನೆಯವರ ಕಾರಿನ ಮುಂದಿನ ಗಾಜಿಗೆ ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲು ತಗಲಿ ಗೇಣುದ್ದದ ಬಿರುಕು ಬಿಟ್ಟಿತು. ನಮ್ಮ ಹುಡುಗನು ಮೊಬೈಲಿನಲ್ಲಿ ಐದು ನಿಮಿಷದ ಒಂದು ಚಿತ್ರವನ್ನು ನೋಡಿದನು. ಕೆಲವು ನೂರು ರೂಪಾಯಿಗೆ ಸಿಕ್ಕುವ ಒಂದು ಪೊಟ್ಟಣವನ್ನು ತರಿಸಿದನು. ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲು, ಒಂದು ಪಿಚಕಾರಿ, ಬೆರಳುದ್ದದ ಸೀಸೆಯಲ್ಲಿ ರಾಳ, ಇಷ್ಟೇ ಅದರಲ್ಲಿದ್ದ ಸಾಮಗ್ರಿ. ಅದು ಕಾಸಿನಗಲದ ಚಿಕ್ಕ ಗಾಯಗಳಿಗಾಗಿ ಮಾಡಿದ್ದೆಂಬುದನ್ನು ಆತನು ಓದಲಿಲ್ಲ. ಬೀದಿಯವರೆಲ್ಲ ನೋಡುತ್ತಿರುವಾಗ ಪಿಚಕಾರಿಯ ತಿರುಪನ್ನು ಬಿಗಿ ಮಾಡುತ್ತ ಹೋದನು. 'ಟಿಕ್' ಎಂದು ಒಂದು ಸಣ್ಣ ಸದ್ದಾಯಿತು. ಬಿರುಕು ಈ ಅಂಚಿನಿಂದ ಆ ಅಂಚಿಗೆ ಓಡಿ ನಿಂತಿತು. ಹೊಸ ಗಾಜಿನ ಹಣವನ್ನು ತಂಗಿಯು ತನ್ನ ಚೀಟಿಯ ದುಡ್ಡಿನಿಂದ ಕೊಟ್ಟಳು. ಮಗನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕೆಲಸ ಕಲಿಯುವೆನೆಂದು ಹೊರಟನು. ಬೇರೆ ಹುಡುಗನಾಗಿದ್ದರೆ ಗಾಜಿನ ತಂಟೆಗೇ ಹೋಗುತ್ತಿರಲಿಲ್ಲ.

ಮರುದಿನವೇ ನಾನು ಬುದ್ಧಿ ಹೇಳಲು ಹೊರಟೆನು. ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆಯ ಆಸುಪಾಸಿನಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿಯ ಒಂದು ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ, ನಾಲ್ಕೈದು ಕಾರು ನಿಲ್ಲುವಷ್ಟು ಜಾಗ. ಗೋಡೆಗೆ ಒರಗಿಸಿದ ಹಳೆಯ ಗಾಜುಗಳ ದೊಡ್ಡ ಸಾಲು. ಒಂದೊಂದರ ಮೇಲೂ ಬಿರುಕು. ಪ್ರತಿ ಬಿರುಕಿನ ಕೊನೆಯಲ್ಲಿಯೂ ಬಣ್ಣದ ಪೆನ್ಸಿಲಿನಿಂದ ಹಾಕಿದ ಒಂದು ಗುರುತು.

"ಇದೇನಪ್ಪ?" ಎಂದೆ.

"ಇದೇ ನನ್ನ ಪಾಠಶಾಲೆ, ಮಾವ. ಮೊದಲ ಮೂರು ತಿಂಗಳು ಯಜಮಾನರು ರಾಳದ ಸೀಸೆಯನ್ನು ಮುಟ್ಟಲು ಬಿಡಲಿಲ್ಲ. ಬಿರುಕಿನ ತುದಿ ಎಲ್ಲಿದೆ ಎಂದು ಹುಡುಕು ಎಂದರು, ಅಷ್ಟೆ."

ತುದಿಯನ್ನು ಹುಡುಕಲು ಮೂರು ತಿಂಗಳೇ ಎಂದು ನಾನು ನಕ್ಕೆನು. ಆತನು ಒಂದು ಗಾಜನ್ನು ಬೆಳಕಿಗೆ ಎಳೆದು, "ತೋರಿಸಿ ನೋಡೋಣ" ಎಂದನು. ಕನ್ನಡಕವನ್ನು ಸರಿಪಡಿಸಿಕೊಂಡು ಬೆರಳಿಟ್ಟೆನು. ಆತನು ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟನು. ನಾನು ಬೆರಳಿಟ್ಟ ಜಾಗದಿಂದಲೂ ಮುಂದಕ್ಕೆ, ಕೂದಲಿಗಿಂತ ನವುರಾದ ಒಂದು ಹೊಳಪು ಇನ್ನೂ ಒಂದೆರಡು ಮಿಲಿಮೀಟರು ಸಾಗಿತ್ತು. ಕಣ್ಣಿಗೆ ಬಿರುಕು ಮುಗಿದಂತೆ ತೋರಿದ ಕಡೆ ಅದು ಮುಗಿದಿರಲಿಲ್ಲ. ಎದುರು ಮನೆಯವರ ಗಾಜು ಹೋದದ್ದು ಈ ಎರಡು ಮಿಲಿಮೀಟರಿನಲ್ಲಿ.

ಇಲ್ಲಿ ಗಾಜಿನ ವಿಚಾರವನ್ನು ಸ್ವಲ್ಪ ಹೇಳಬೇಕು. ಕಾರಿನ ಮುಂದಿನ ಗಾಜು ಒಂದು ಗಾಜಲ್ಲ, ಎರಡು. ಸುಮಾರು ಎರಡೆರಡು ಮಿಲಿಮೀಟರು ದಪ್ಪದ ಎರಡು ಹಾಳೆಗಳ ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಪದರ, ಹೋಳಿಗೆಯೊಳಗಿನ ಹೂರಣದಂತೆ. ಕಲ್ಲು ಬಿದ್ದರೆ ಸಾಮಾನ್ಯವಾಗಿ ಹೊರಗಿನ ಹಾಳೆ ಮಾತ್ರ ಬಿರಿಯುವುದು. ಚೂರುಗಳನ್ನು ನಡುವಿನ ಪದರವು ಬಿಡದೆ ಹಿಡಿದಿರುವುದು. ಪಕ್ಕದ ಕಿಟಕಿಗಳ ಗಾಜು ಈ ಜಾತಿಯದಲ್ಲ. ಹೆಚ್ಚಿನ ಕಾರುಗಳಲ್ಲಿ ಅದು ಕಾಯಿಸಿ ಹದಗೊಳಿಸಿದ ಒಂಟಿ ಗಾಜು. ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಯಾಗಿ ಉದುರುವುದು, ಅದಕ್ಕೆ ರಿಪೇರಿಯೆಂಬುದೇ ಇಲ್ಲ.

ಈ ಎರಡು ಹಾಳೆಯ ಗಾಜು ಹುಟ್ಟಿದ್ದು ಒಂದು ಕೈತಪ್ಪಿನಿಂದ. ಫ್ರಾನ್ಸಿನಲ್ಲಿ ಎದುವಾರ್ ಬೆನೆದಿಕ್ತುಸ್ ಎಂಬ ರಸಾಯನಶಾಸ್ತ್ರಜ್ಞನಿದ್ದನು, ಚಿತ್ರಕಾರನೂ ಹೌದು. 1903ರಲ್ಲಿ ಆತನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಸೀಸೆ ಎತ್ತರದಿಂದ ಬಿದ್ದಿತು. ಒಡೆಯಿತು, ಆದರೆ ಚೂರಾಗಿ ಚೆದರಲಿಲ್ಲ. ನೋಡಿದರೆ, ಹಿಂದೆಂದೋ ಅದರಲ್ಲಿಟ್ಟಿದ್ದ ಸೆಲ್ಯುಲೋಸ್ ನೈಟ್ರೇಟಿನ ದ್ರಾವಣವು ಆರಿ ಒಳಮೈಗೆ ತೆಳುವಾದ ಪೊರೆಯಾಗಿ ಅಂಟಿತ್ತು. ಮೋಟಾರು ಅಪಘಾತಗಳಲ್ಲಿ ಜನರ ಮುಖವನ್ನು ಗಾಜು ಕೊಯ್ಯುತ್ತಿದ್ದ ಕಾಲವದು. 1909ರಲ್ಲಿ ಆತನು ಎರಡು ಹಾಳೆಯ ಗಾಜಿಗೆ ಹಕ್ಕುಪತ್ರ ಪಡೆದನು. ಇಂದಿನ ಪದರವು ಬೇರೆಯ ಪದಾರ್ಥದ್ದು, ಉಪಾಯ ಮಾತ್ರ ಅದೇ.

ಇನ್ನು ಬಿರುಕು ಓಡುವುದೇಕೆ? ಬಟ್ಟೆಯಂಗಡಿಯಲ್ಲಿ ರವಿಕೆಯ ಕಣ ಕೊಳ್ಳುವಾಗ ಗೃಹಿಣಿಯರು ನೋಡಿರುತ್ತಾರೆ. ಅಂಗಡಿಯವನು ಅಳೆದು, ಅಂಚಿನಲ್ಲಿ ಕತ್ತರಿಯಿಂದ ಒಂದೇ ಒಂದು ಕಚ್ಚು ಹಾಕಿ, ಎರಡು ಕೈಯಿಂದ ಸರ್ರನೆ ಎಳೆಯುವನು. ಕಚ್ಚಿಲ್ಲದೆ ಎಳೆದರೆ ಪೈಲ್ವಾನನಿಂದಲೂ ಹರಿಯದ ಬಟ್ಟೆ, ಕಚ್ಚು ಹಾಕಿದೊಡನೆ ಮಗುವಿನ ಕೈಯಲ್ಲೂ ಹರಿಯುವುದು. ಎಳೆತದ ಬಲವೆಲ್ಲ ಆ ಕಚ್ಚಿನ ತುದಿಯಲ್ಲಿ ಕೂಡಿಕೊಳ್ಳುವುದೇ ಅದರ ರಹಸ್ಯ. 1913ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಇಂಗ್ಲಿಸ್ ಎಂಬ ಎಂಜಿನಿಯರನು ಹಡಗು ಕಟ್ಟುವವರ ಮುಂದೆ ಇದರ ಲೆಕ್ಕವನ್ನಿಟ್ಟನು. ತಗಡಿನಲ್ಲಿ ದುಂಡನೆಯ ತೂತಿದ್ದರೆ ಅದರ ಅಂಚಿನಲ್ಲಿ ಬಲವು ಮೂರು ಪಟ್ಟಾಗುವುದು. ತೂತು ಚೂಪಾದ ಸೀಳಾಗುತ್ತ ಹೋದಂತೆ ಅದು ಹತ್ತು ಪಟ್ಟು, ನೂರು ಪಟ್ಟು ಏರುವುದು. 1921ರಲ್ಲಿ ಗ್ರಿಫಿತ್ ಎಂಬ ಮತ್ತೊಬ್ಬನು ಗಾಜನ್ನೇ ಮುರಿದು ಮುರಿದು ಪರೀಕ್ಷಿಸಿ, ಗಾಜಿನ ದೌರ್ಬಲ್ಯವೆಲ್ಲ ಅದರಲ್ಲಿ ಅಡಗಿರುವ ಸೂಕ್ಷ್ಮ ಬಿರುಕುಗಳದೆಂದು ತೋರಿಸಿಕೊಟ್ಟನು. ನಮ್ಮ ಹುಡುಗನಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಆದರೆ ಆತನು ಮಾಡುತ್ತಿದ್ದ ಕೆಲಸ ಆ ಲೆಕ್ಕವೇ: ಚೂಪಾದ ತುದಿಯನ್ನು ದುಂಡಗೆ ಮಾಡುವುದು.

ಮಧ್ಯಾಹ್ನದ ಹೊತ್ತಿಗೆ ಹಳದಿ ಫಲಕದ ಟ್ಯಾಕ್ಸಿಯೊಂದು ಬಂದಿತು. ಎಡದ ಅಂಚಿನಿಂದ ಹೊರಟ ಬಿರುಕು, ಹನ್ನೊಂದು ಅಂಗುಲ. ಚಾಲಕನು ಇಳಿದವನೇ, "ಅಣ್ಣಾ, ನಾಳೆ ಬೆಳಗಿನ ಜಾವ ನಾಲ್ಕಕ್ಕೆ ವಿಮಾನ ನಿಲ್ದಾಣದ ಬಾಡಿಗೆ ಇದೆ. ಈ ತಿಂಗಳ ಕಂತು ಇನ್ನೂ ಕಟ್ಟಿಲ್ಲ. ಹೊಸ ಗಾಜು ಅನ್ನಬೇಡಿ" ಎಂದನು. ಹುಡುಗನಲ್ಲಿ ಎದುರು ಮನೆಯ ದಿನದ ನೆನಪು ಎದ್ದಿರಬೇಕು. ಆತನು ಯಜಮಾನರ ಮುಖ ನೋಡಿದನು. ಯಜಮಾನರು ಬೀಡಾ ಜಗಿಯುತ್ತ, "ನೀನೇ ನೋಡು" ಎಂದು ಹೇಳಿ ಒಳಗೆ ಹೋದರು.

ಹುಡುಗನು ಮೊದಲು ಕಾರಿನೊಳಗೆ ಕುಳಿತು ಬಿರುಕಿನ ನೇರದಲ್ಲಿ ಒಳಗಾಜಿನ ಮೇಲೆ ಉಗುರನ್ನು ಆಡಿಸಿದನು. ಉಗುರು ಎಲ್ಲಿಯೂ ತಡೆಯಲಿಲ್ಲ. ಒಳಗಿನ ಹಾಳೆ ಗಟ್ಟಿಯಾಗಿತ್ತು. ಬಿರುಕಿನಲ್ಲಿ ಧೂಳು ಕಪ್ಪಾಗಿ ಕೂತಿದೆಯೇ, ನಡುಪದರ ಹಾಲಿನಂತೆ ಬೆಳ್ಳಗಾಗಿದೆಯೇ ಎಂದು ನೋಡಿದನು, ಆಗಿರಲಿಲ್ಲ. "ಗಾಜು ತೊಳೆದಿರಾ?" ಎಂದು ಕೇಳಿದ್ದಕ್ಕೆ ಚಾಲಕನು, "ನೆನ್ನೆಯೇ ಆಗಿದ್ದು, ಇನ್ನೂ ನೀರು ಮುಟ್ಟಿಸಿಲ್ಲ" ಎಂದನು. ಅದು ಪುಣ್ಯ. ತೇವವು ಬಿರುಕಿನ ಶತ್ರುವಲ್ಲ, ಸ್ನೇಹಿತ. ತುದಿಯಲ್ಲಿ ಗಾಜಿನ ಕಣಗಳ ಬೆಸುಗೆಯನ್ನೇ ಸಡಿಲಿಸಿ ಅದಕ್ಕೆ ದಾರಿ ಮಾಡಿಕೊಡುವುದು. ಮೇಲಾಗಿ, ನೀರಿರುವ ಕಡೆ ರಾಳ ಹೋಗದು.

ಕಾರು ಬಿಸಿಲಿನಲ್ಲಿ ಬಂದದ್ದರಿಂದ ಗಾಜು ಕಾದಿತ್ತು. ನೆರಳಿನಲ್ಲಿ ಅರ್ಧ ಗಂಟೆ ಸುಮ್ಮನೆ ನಿಲ್ಲಿಸಿದರು. ಚಾಲಕನಿಗೆ ಅದು ಅರ್ಧ ದಿನವೆನಿಸಿರಬೇಕು. ನೆರಳು ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಇದೆ: ರಾಳವು ನೇರಳಾತೀತ ಕಿರಣದಿಂದ ಗಟ್ಟಿಯಾಗುವಂಥದು, ಆ ಕಿರಣ ಬಿಸಿಲಿನಲ್ಲಿಯೇ ಧಾರಾಳವಾಗಿದೆ. ಬಯಲಿನಲ್ಲಿ ಕೆಲಸಕ್ಕಿಳಿದರೆ ರಾಳವು ಅರ್ಧ ದಾರಿಯಲ್ಲಿಯೇ ಕಲ್ಲಾಗುವುದು.

ಆಮೇಲೆ ತುದಿಯ ಕೆಲಸ. ಟಾರ್ಚು, ಭೂತಗನ್ನಡಿ, ಪೆನ್ಸಿಲಿನ ಗುರುತು. ಗುಂಡುಪಿನ್ನಿನ ತಲೆಯಷ್ಟು ಸಣ್ಣ ಮೂತಿಯ ವಿದ್ಯುತ್ ಡ್ರಿಲ್ಲನ್ನು ಹಿಡಿದು, ತುದಿಯಿಂದ ಒಂದು ಕೂದಲೆಳೆ ಮುಂದೆ, ಹೊರಗಿನ ಹಾಳೆಯಲ್ಲಿ ಮಾತ್ರ ತೂತು ಕೊರೆಯಬೇಕು. ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ನಡುಪದರ ಗಾಯಗೊಳ್ಳುವುದು. ಒತ್ತಿದರಂತೂ ಬಿರುಕು ಓಡಿಯೇ ಓಡುವುದು. ಎರಡು ಕ್ಷಣ ಮುಟ್ಟಿಸುವುದು, ಎತ್ತುವುದು, ಪುಡಿಯನ್ನು ಊದುವುದು, ಮತ್ತೆ ಮುಟ್ಟಿಸುವುದು. ಹುಡುಗನ ಮೇಲ್ದುಟಿಯ ಮೇಲೆ ಬೆವರು ಮೂಡಿತು. ಚಾಲಕನು ಬೆನ್ನು ತಿರುಗಿಸಿ ನಿಂತನು. ನನಗೂ ನೋಡಲಾಗಲಿಲ್ಲ, ಆದರೂ ನೋಡಿದೆನು. ಕೊರೆದ ತೂತಿನಲ್ಲಿ ಚೂಪಾದ ಸಲಾಕೆಯನ್ನಿಟ್ಟು ಮೆಲ್ಲನೆ ತಟ್ಟಿದಾಗ, ತಳದಲ್ಲಿ ಸಾಸಿವೆಕಾಳಿನಗಲದ ಒಂದು ದುಂಡು ಗಾಯ ಅರಳಿತು. ಮತ್ತೆ ಒಂದು ಸಣ್ಣ 'ಟಿಕ್'.

ಚಾಲಕನು ಬೆಚ್ಚಿ ತಿರುಗಿದನು. ಹುಡುಗನು ನಕ್ಕನು. ಬಿರುಕು ಒಂದು ಕೂದಲೆಳೆಯಷ್ಟು ಮುಂದೆ ಸರಿದು ಆ ದುಂಡು ಗಾಯದೊಳಕ್ಕೆ ಬಿದ್ದು ನಿಂತಿತ್ತು. ಹೊಂಡದಲ್ಲಿ ಬಿದ್ದ ಆನೆಗೆ ಮುಂದೆ ದಾರಿಯೆಲ್ಲಿ?

ಉಳಿದದ್ದು ತಾಳ್ಮೆಯ ಕೆಲಸ. ಕಾರಿನೊಳಗಿನಿಂದ ಒಂದು ಊರೆಗೋಲನ್ನು ಗಾಜಿಗೆ ಮೆತ್ತಗೆ ಒತ್ತಿದಾಗ ಹೊರಗಿನ ಹಾಳೆಯ ಬಿರುಕು ಬಾಯಿ ತೆರೆಯಿತು. ತುದಿಯ ತೂತಿಗೆ ರಾಳ ತುಂಬುವ ಉಪಕರಣವನ್ನು ಕೂಡಿಸಿ ಗಾಳಿಯನ್ನು ಹೊರಗೆಳೆದು ರಾಳವನ್ನು ಒಳಗೊತ್ತಿದ್ದಾಯಿತು. ಬಳಿಕ ಅಂಚಿನವರೆಗೂ ಬಿರುಕಿನ ಗುಂಟ ನೀರಿನಷ್ಟು ತೆಳುವಾದ ರಾಳದ ಹನಿಗಳು. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಬಿರುಕು ತಾನಾಗಿಯೇ ಅವನ್ನು ಹೀರಿಕೊಳ್ಳುತ್ತ ಹೋಯಿತು. ಹೀರಿದ ಕಡೆಯಲ್ಲಿ ಬಿರುಕಿನ ಬೆಳ್ಳಿಗೆರೆ ಮಾಯವಾಗುತ್ತಿತ್ತು.

ಈ ಮಾಯೆ ನಮ್ಮ ಅಡುಗೆಮನೆಯಲ್ಲಿಯೂ ಇದೆ. ಹೋಳಿಗೆಯಿಟ್ಟ ಕಾಗದದ ಮೇಲೆ ಎಣ್ಣೆಯ ಕಲೆ ಬಿದ್ದ ಭಾಗವು ಪಾರದರ್ಶಕವಾಗುವುದಿಲ್ಲವೇ? ಕಾಗದದ ಎಳೆಗಳ ಸಂದಿನಲ್ಲಿ ಗಾಳಿಯಿರುವಾಗ ಬೆಳಕು ಅತ್ತಿತ್ತ ಚೆದರಿ ಬಿಳುಪಾಗಿ ಕಾಣುವುದು. ಎಣ್ಣೆ ತುಂಬಿದಾಗ ನೇರವಾಗಿ ದಾಟುವುದು. ಬಿರುಕು ಹೊಳೆಯುವುದೂ ಒಳಗಿನ ಗಾಳಿಯಿಂದಲೇ. ಬೆಳಕನ್ನು ಬಾಗಿಸುವ ಗುಣದಲ್ಲಿ ಗಾಜಿಗೆ ಸರಿಸಮವಾದ ರಾಳವನ್ನು ಅಲ್ಲಿ ತುಂಬಿದರೆ ಬೆಳಕಿಗೆ ಸಂದು ಇರುವುದೇ ತಿಳಿಯದು. ಆಮೇಲೆ ಊರೆಗೋಲನ್ನು ಸಡಿಲಿಸಿ, ಮೇಲೆ ತೆಳುವಾದ ಹಾಳೆಯ ಪಟ್ಟಿಗಳನ್ನು ಮುಚ್ಚಿ, ನೇರಳಾತೀತ ದೀಪವನ್ನು ಭಾಗಭಾಗವಾಗಿ ಹಿಡಿದರು. ಕೊನೆಗೆ ಬ್ಲೇಡಿನಿಂದ ಹೆಚ್ಚಿನ ರಾಳವನ್ನು ಹೆರೆದು ಉಜ್ಜಿದ್ದಾಯಿತು. ಎರಡು ಗಂಟೆಯ ಕೆಲಸ. ಓರೆಯಾಗಿ ನೋಡಿದರೆ ಎಳೆಯೊಂದು ಕಾಣುತ್ತಿತ್ತು. ಕಾಣುವುದೆಂದು ಹುಡುಗನು ಮೊದಲೇ ಹೇಳಿದ್ದನು. ಚಾಲಕನು ಹಣ ಕೊಟ್ಟು, ಗಾಜನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿ ಹೋದನು.

ಇಷ್ಟಾದ ಮೇಲೆ ನಾನು ತಂಗಿಯ ಪರವಾಗಿ ಮಾತಾಡಬೇಕಾಗಿತ್ತು. ಆದರೆ, ಸತ್ಯವನ್ನು ಹೇಳುವುದಾದರೆ, ನಾನು ಸ್ವಂತ ಕಾರ್ಯವೊಂದನ್ನೂ ಇಟ್ಟುಕೊಂಡೇ ಹೋಗಿದ್ದೆನು. ನನ್ನ ಕಾರಿನ ಗಾಜಿಗೂ ಮೂರು ತಿಂಗಳ ಕೆಳಗೆ ಕಡಲೆಕಾಳಿನಷ್ಟು ಗಾಯವಾಗಿತ್ತು. 'ಮಾಡಿಸೋಣ' ಎಂದು ದಿನ ತಳ್ಳಿದೆನು. ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ಹತ್ತಿ ತಣ್ಣನೆಯ ಗಾಳಿಯನ್ನು ಪೂರ್ಣವಾಗಿ ಗಾಜಿಗೆ ಬಿಟ್ಟೆನು. ಹೊರಗೆ ಕಾದ ಗಾಜು, ಒಳಗೆ ಚಳಿ. ನನ್ನ ಕಣ್ಣೆದುರಿಗೇ ಬಿರುಕು ಹಾವಿನಂತೆ ಹರಿದು ಚಕ್ರದ ಮುಂದೆ ಒಂಬತ್ತು ಅಂಗುಲ ಸಾಗಿತು. ಟ್ಯಾಕ್ಸಿಯದಕ್ಕಿಂತ ಎರಡು ಅಂಗುಲ ಕಡಿಮೆಯೇ! ಸೋದರಮಾವನೆಂದ ಮೇಲೆ ದುಡ್ಡಿನ ಮಾತೂ ಬಾರದೆಂದು ಒಳಗೊಳಗೇ ಲೆಕ್ಕ ಹಾಕಿದ್ದೆನು.

ಹುಡುಗನು ನನ್ನ ಕಾರಿನಲ್ಲಿ ಚಾಲಕನ ಜಾಗದಲ್ಲಿ ಕುಳಿತು, ಸ್ವಲ್ಪ ಹೊತ್ತು ಮುಂದೆ ನೋಡಿದನು.

"ಇದು ನನ್ನಿಂದಾಗದು, ಮಾವ."

"ಹನ್ನೊಂದು ಅಂಗುಲ ಆಗುತ್ತದೆ, ಒಂಬತ್ತು ಆಗದೇ?"

"ಉದ್ದದ ಮಾತಲ್ಲ. ಇದು ನಿಮ್ಮ ಕಣ್ಣಿನ ನೇರದಲ್ಲಿದೆ. ನಾನು ಎಷ್ಟು ಚೆನ್ನಾಗಿ ತುಂಬಿದರೂ ಒಂದು ಎಳೆ ಉಳಿಯುತ್ತದೆ. ರಾತ್ರಿ ಎದುರಿನ ಲಾರಿಯ ದೀಪ ಆ ಎಳೆಯ ಮೇಲೆ ಬಿದ್ದಾಗ ನಿಮಗೆ ರಸ್ತೆ ಕಾಣಬೇಕಲ್ಲ."

ನನಗೆ ಸಿಟ್ಟು ಬಂದಿತು. ಸ್ವಂತ ಮಾವನಿಗೆ ಇಲ್ಲವೆಂದನಲ್ಲ ಎಂಬುದಕ್ಕಿಂತ, ಟ್ಯಾಕ್ಸಿಯವನ ಎದುರಿನಲ್ಲಿ ತೋರಿದ ವಿನಯವನ್ನು ನನ್ನಲ್ಲಿ ತೋರಲಿಲ್ಲವೆಂದು. ಮನೆಗೆ ಬಂದು ಓದಿ ನೋಡಿದಾಗ ಹುಡುಗನ ಮಾತೇ ಸರಿಯಾಗಿತ್ತು. ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆಯಾದ ರಿಪೇರಿಯ ಮಾನಕವು 14 ಅಂಗುಲದವರೆಗಿನ ಬಿರುಕನ್ನು ಸರಿಪಡಿಸಬಹುದೆನ್ನುವುದು, ಆದರೆ ಚಾಲಕನ ನೋಟದ ಭಾಗಕ್ಕೆ ಬೇರೆ ಕಟ್ಟಳೆ. ಬ್ರಿಟನ್ನಿನವರು ಇನ್ನೂ ಬಿಗಿ: ಚಾಲನ ಚಕ್ರದ ನೇರದಲ್ಲಿ 290 ಮಿಲಿಮೀಟರು ಅಗಲದ ಪಟ್ಟಿಯೊಂದನ್ನು ಗುರುತಿಸಿ, ಅದರೊಳಗೆ 10 ಮಿಲಿಮೀಟರಿಗಿಂತ ದೊಡ್ಡ ಗಾಯವನ್ನು ರಿಪೇರಿಗೆ ತೆಗೆದುಕೊಳ್ಳಕೂಡದೆಂದಿದ್ದಾರೆ. ನನ್ನದು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು.

ಹೊಸ ಗಾಜನ್ನೇ ಹಾಕಿಸಿದೆನು. ವಿಮೆಯವರಲ್ಲಿ ಕೇಳಿದ್ದಾಯಿತು. ಗಾಜಿನ ಭಾಗಗಳಿಗೆ ಸವಕಳಿಯೆಂದು ಹಣ ಕಡಿಯುವುದಿಲ್ಲವೆಂಬ ಸಂತೋಷದ ಹಿಂದೆಯೇ ಇನ್ನೊಂದು ವಿಚಾರವಿತ್ತು. ಐದು ವರ್ಷ ಒಂದು ಬೇಡಿಕೆಯನ್ನೂ ಸಲ್ಲಿಸದವನಿಗೆ ಸ್ವಂತ ಹಾನಿಯ ಕಂತಿನಲ್ಲಿ ಶೇಕಡಾ 50ರ ರಿಯಾಯಿತಿ ಇರುವುದು; ಗಾಜಿಗಾಗಿ ಕೈ ಚಾಚಿದರೆ ಅದು ಹೋಗುವುದು. ಲೆಕ್ಕ ಹಾಕಿ, ನಿಟ್ಟುಸಿರು ಬಿಟ್ಟು, ಕೈಯಿಂದಲೇ ಕೊಟ್ಟೆನು. ಸಣ್ಣ ಗಾಯವಾದ ವಾರದಲ್ಲೇ ಹೋಗಿದ್ದರೆ ಅರ್ಧ ಗಂಟೆಯ ಕೆಲಸವಾಗಿತ್ತೆಂದು ಹುಡುಗನು ಹೇಳಲಿಲ್ಲ. ಹೇಳದಿದ್ದುದು ಆತನ ದೊಡ್ಡತನ. ಯಜಮಾನರು ಹೇಳಿಯೇ ಬಿಟ್ಟರು.

ಗಾಜನ್ನು ಬಿಚ್ಚುವುದೂ ನೋಡತಕ್ಕ ಕೆಲಸ. ಕಾರ್ಖಾನೆಯಲ್ಲಿ ಬಲವಾದ ಅಂಟಿನಿಂದ ಚೌಕಟ್ಟಿಗೆ ಕೂಡಿಸಿದ್ದನ್ನು ತಂತಿಯಿಂದ ಕೊಯ್ದು ತೆಗೆಯುತ್ತಾರೆ. ಈ ಗಾಜು ಬರಿಯ ಗಾಳಿಮರೆಯಲ್ಲ; ಕಾರು ಉರುಳಿದಾಗ ಮಾಡನ್ನು ಹಿಡಿದು ನಿಲ್ಲಿಸುವುದರಲ್ಲಿ ಅದರ ಪಾಲೂ ಇದೆ. ಅನೇಕ ಕಾರುಗಳಲ್ಲಿ ಪಕ್ಕದ ಸೀಟಿನ ಗಾಳಿಚೀಲವು ಉಬ್ಬುವಾಗ ಇದಕ್ಕೇ ಆನಿಕೊಳ್ಳುವುದು. ಆದ್ದರಿಂದ ಹೊಸ ಅಂಟು ಒಣಗುವ ತನಕ ಕಾರನ್ನು ಕದಲಿಸಲು ಬಿಡಲಿಲ್ಲ. ಸರಿಪಡಿಸಬಹುದಾದ ಗಾಜನ್ನು ಸುಮ್ಮನೆ ಬದಲಿಸುವುದು ಯಜಮಾನರಿಗೆ ಇಷ್ಟವಿಲ್ಲದಿರುವುದು ಇದರಿಂದಲೇ.

ನಾನು ಕಾಯುತ್ತ ಕುಳಿತಿದ್ದಾಗ ಹುಡುಗನು ಬಂದು, "ಮಾವ, ನಿಮ್ಮ ಹಳೆಯ ಗಾಜನ್ನು ನಾನಿಟ್ಟುಕೊಳ್ಳಲೇ? ಇಂಥ ಬಿರುಕು ಸುಲಭವಾಗಿ ಸಿಕ್ಕುವುದಿಲ್ಲ" ಎಂದನು. ಇಟ್ಟುಕೋ ಎಂದೆನು. ಆತನು ಅದನ್ನು ಸಾಲಿನ ಮುಂದಕ್ಕೆ ಒರಗಿಸಿ, ಪೆನ್ಸಿಲನ್ನು ಕಿವಿಯ ಮೇಲಿನಿಂದ ತೆಗೆದು, ಟಾರ್ಚನ್ನು ಓರೆಯಾಗಿ ಹಿಡಿದು ಮಂಡಿಯೂರಿದನು.

ಸಂಜೆ ತಂಗಿಯು ಫೋನು ಮಾಡಿ, "ಹೇಳಿದೆಯಾ, ಅಣ್ಣ?" ಎಂದು ಕೇಳಿದಳು.

"ಹೇಳಲು ಹೋಗಿದ್ದೆ" ಎಂದೆನು. "ಅವನೇ ನನಗೆ ಹೇಳಿ ಕಳುಹಿಸಿದ."